ಪಿನ್ನಿಗಿಟ್ಟ ಕುಂಕುಮ

ವೇಮಗಲ್

ಸ್ವೀಡನ್ನಿಗೆ ಹೋಗಿ ಬಂದೆ ಅಂದರೆ ನಮ್ಮ ಕ್ಯಾಲನೂರಿನಲ್ಲಿ ಎಲ್ಲರೂ ಕೇಳುವುದು ಒಂದೇ: ಸ್ವಿಟ್ಜರ್ಲೆಂಡಾ? ಅಲ್ಲ ಕಣ್ರೀ. ಸಿನಿಮಾದಲ್ಲಿ ನಾಯಕಿ ತೆಳು ಸೀರೆಯುಟ್ಟು ಮಂಜಿನ ಮೇಲೆ ಕುಣಿಯುವ ದೇಶ ಅದು. ನಾನು ಹೋಗಿದ್ದು ಅದಕ್ಕಿಂತ ಎಷ್ಟೋ ಮೇಲಿನ, ಚಳಿಗಾಲದಲ್ಲಿ ಮಧ್ಯಾಹ್ನದ ಕಾಫಿಯ ಹೊತ್ತಿಗೆಲ್ಲ ಸೂರ್ಯ ಮನೆಗೆ ಹೊರಟುಬಿಡುವ ದೇಶ. ಊರಿನ ಹೆಸರು ಹೇಳುವಂತಿಲ್ಲ, ಕಂಪನಿಯ ಹೆಸರೂ ಹೇಳುವಂತಿಲ್ಲ. ಹೇಳುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೇನೆ. ಯುದ್ಧವಿಮಾನದ ವ್ಯವಹಾರ ನೋಡಿ. ಉಟ್ಟ ಸೀರೆ, ತಿಂದ ಊಟ, ಪಟ್ಟ ಪಾಡು, ಇವುಗಳನ್ನು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ವೇಮಗಲ್‌ನ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪು. ಅಲ್ಲಿ ಇನ್‌ಸ್ಪೆಕ್ಷನ್ ನೋಡಿಕೊಳ್ಳುವವಳು ನಾನು. ಕೋಲಾರದಲ್ಲಿ ಡಿಪ್ಲೊಮಾ ಮುಗಿಸಿ ಸೇರಿದವಳ ತಲೆ ಅಲ್ಲೇ ನರೆತಿದೆ. ಅಳತೆ ಕೂದಲೆಳೆಯಷ್ಟು ಆಚೀಚೆಯಾದರೂ ನಾನು ಪೀಸನ್ನು ಬಿಡುವವಳಲ್ಲ, ಕೆಂಪು ಬಣ್ಣ ಬಳಿದು ಡಬ್ಬಿಗೆ ಹಾಕುತ್ತೇನೆ. ಎದುರಿಗೆ ಕೆಲಸದವರೆಲ್ಲ ನನ್ನನ್ನು ಸರೋಜಕ್ಕ ಅನ್ನುತ್ತಾರೆ. ಬೆನ್ನ ಹಿಂದೆ ರಿಜೆಕ್ಟ್ ಸರೋಜಮ್ಮ ಅನ್ನುವುದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ನಾವು ಮಾಡುವುದು ಒಂದು ಹಳೆಯ ಮಾದರಿಯ ಯುದ್ಧವಿಮಾನಕ್ಕೆ ಬೇಕಾದ ಪಿನ್ನು. ಕಿರುಬೆರಳಿನಷ್ಟಿದೆ. ಪೈಲಟ್ ಕೂರುವ ಸೀಟಿನಲ್ಲಿ ಅದರ ಕೆಲಸ. ಹೊಸ ವಿಮಾನ ಬಂದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಹಳೆಯವು ಸದ್ದಿಲ್ಲದೆ ಹಾರುತ್ತಲೇ ಇರುತ್ತವೆ, ಅವಕ್ಕೆ ಬಿಡಿಭಾಗ ಮಾಡುತ್ತಿದ್ದವರು ಮಾತ್ರ ಒಬ್ಬೊಬ್ಬರಾಗಿ ಬಾಗಿಲು ಹಾಕುತ್ತಾರೆ. ಹಳೇ ಟ್ರ್ಯಾಕ್ಟರಿಗೆ ಸ್ಪೇರು ಹುಡುಕಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆ ಬಾಗಿಲು ಹಾಕಿದ ಯಾರದೋ ಡ್ರಾಯಿಂಗು ಸುತ್ತಿ ಬಳಸಿ ವೇಮಗಲ್ಲಿಗೆ ಬಂದಿತ್ತು.

ಆಯುಧಪೂಜೆ ಮುಗಿಸಿ ಕಳಿಸಿದ ಮಾಲಿಗೆ ಸ್ವೀಡನ್ನಿನಿಂದ ಮೇಲ್ ಬಂತು, ಫೋಟೋ ಸಮೇತ. ಪ್ರತಿ ಪೆಟ್ಟಿಗೆಯಲ್ಲೂ ಪೇಪರಿನ ಕೆಳಗಿದ್ದ ಮೊದಲನೇ ಪಿನ್ನಿನ ಮೇಲೆ ಒಂದು ಕೆಂಪು ಬೊಟ್ಟು. ನಮ್ಮ ಕಸುಬಿನಲ್ಲಿ ಪೀಸಿನ ಮೇಲೆ ಕೆಂಪು ಗುರುತು ಇದ್ದರೆ ಅದು ಕೆಟ್ಟ ಪೀಸು ಅಂತ ಅರ್ಥ, ಅಲ್ಲಿಯೂ ಅದೇ. ನೀವೇ ತಿರಸ್ಕರಿಸಿದ ಮಾಲನ್ನು ನಮಗೇಕೆ ಕಳಿಸಿದ್ದೀರಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ನಮ್ಮವರು ಒಳ್ಳೆಯದಾಗಲಿ ಎಂದು ಇಟ್ಟ ಕುಂಕುಮ ಅದೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಯಾರು ಇಟ್ಟಿದ್ದು ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಕೇಳಿದರೆ ಎಲ್ಲರೂ ನೆಲ ನೋಡಿದರು.

ಓನರ್ ಮುನಿರಾಜಣ್ಣ ಮಾಲೂರಿನವರು, ಕೆಟ್ಟವರಲ್ಲ. ಹೆದರಿಕೆಯಲ್ಲಿ ಮನುಷ್ಯ ಏನು ಮಾತಾಡುತ್ತಾನೋ ಅದನ್ನೇ ಮಾತಾಡಿದರು.

"ಸರೋಜಮ್ಮ, ಸರ್ಟಿಫಿಕೇಟ್‌ಗೆ ಸೈನ್ ಹಾಕಿರೋದು ನೀವು, ನೀವೇ ಹೋಗ್ಬಿಟ್ ಬನ್ನಿ. ಯಾರು ಮಾಡಿದ್ದು ಅಂತ ಹೆಸರು ಕೊಡಿ, ಅವ್ರನ್ನ ತೆಗೆದಾಕಿದೀವಿ ಅನ್ನಿ. ಇಲ್ದಿದ್ರೆ ಈ ಆರ್ಡರ್ ಹೋಗುತ್ತೆ, ಎಲ್ಲರ ಹೊಟ್ಟೆ ಮೇಲೂ ಏಟು ಬೀಳುತ್ತೆ."

ಹೆಸರು ಗೊತ್ತಿಲ್ಲವಲ್ಲ ಅಂದೆ. ಹುಡುಕಿ ಫೋನ್ ಮಾಡುತ್ತೇನೆ ಅಂದರು. ಹೊರಡುವ ಹಿಂದಿನ ದಿನ ಪ್ಯಾಕಿಂಗ್‌ನ ಯಶೋದ ನನ್ನ ಟೇಬಲ್ ಹತ್ತಿರ ಬಂದು ತನ್ನ ಸ್ವೆಟರ್ ಕೊಟ್ಟಳು. ಆವನಿ ಕಡೆಯ ಹೆಣ್ಣುಮಗಳು. ಗಂಡ ಲಾರಿ ಓಡಿಸುತ್ತಿದ್ದ. ಮುಳಬಾಗಿಲು ಹೈವೇಯಲ್ಲಿ ಹೋದವನು ಮನೆಗೆ ಬರಲಿಲ್ಲ. ಆಮೇಲೆ ನಮ್ಮಲ್ಲಿ ಕೆಲಸಕ್ಕೆ ಸೇರಿ ಮಗಳನ್ನು ಓದಿಸುತ್ತಿದ್ದಾಳೆ. ಸ್ವೆಟರ್ ಕೊಟ್ಟು ಏನೋ ಹೇಳುವವಳಂತೆ ನಿಂತಳು, ಚಳಿ ಹುಷಾರಕ್ಕಾ ಅಂದು ಹೊರಟುಹೋದಳು.

ಕೆಂಪು ಪುಡಿಯ ಪೊಟ್ಟಣ

ಅಲ್ಲಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಲಿ ಎಂದು ನಮ್ಮ ಪೂಜೆಗೆ ತಂದಿದ್ದ ಅಂಗಡಿಯದೇ ಕುಂಕುಮದ ಪೊಟ್ಟಣ ಇಟ್ಟುಕೊಂಡಿದ್ದೆ. ಜೊತೆಗೆ ರಾಗಿಯ ಹುರಿಹಿಟ್ಟು, ಮತ್ತು ತವರಿನಿಂದ ಬಂದ ಮಾವಿನಕಾಯಿ ಉಪ್ಪಿನಕಾಯಿ. ನನ್ನ ತವರು ಶ್ರೀನಿವಾಸಪುರ. ಅಲ್ಲಿಯವರು ಉಪ್ಪಿನಕಾಯಿ ಇಲ್ಲದೆ ಮಗಳನ್ನು ಪಕ್ಕದೂರಿಗೂ ಕಳಿಸುವುದಿಲ್ಲ, ಇನ್ನು ಸ್ವೀಡನ್ನಿಗೆ ಬಿಡುತ್ತಾರೆಯೇ?

ಸ್ವೀಡನ್ನಿನ ಏರ್‌ಪೋರ್ಟಿನಲ್ಲಿ ಇಳಿದು ಹೊರಗೆ ಬರುವಾಗ ಒಬ್ಬ ಅಧಿಕಾರಿ ನನ್ನನ್ನೇ ಪಕ್ಕಕ್ಕೆ ಕರೆದ. ಚೀಲ ಬಿಚ್ಚಿಸಿದ. ಬೂದು ಬಣ್ಣದ ಪುಡಿ ಒಂದು, ಕೆಂಪು ಬಣ್ಣದ ಪುಡಿ ಇನ್ನೊಂದು. ಇದೇನು ಎಂದು ಹುರಿಹಿಟ್ಟು ತೋರಿಸಿದ. ತಿನ್ನುವುದು ಅಂದೆ. ಅದೇನು ಎಂದು ಕುಂಕುಮ ತೋರಿಸಿದ. ಇಂಗ್ಲಿಷಿನಲ್ಲಿ ಹೇಳಬೇಕೆಂದುಕೊಂಡಿದ್ದೆಲ್ಲ ಮರೆತುಹೋಯಿತು. ಸುಮ್ಮನೆ ನನ್ನ ಹಣೆ ತೋರಿಸಿದೆ. ಅವನು ನನ್ನ ಹಣೆ ನೋಡಿದ, ಪೊಟ್ಟಣ ನೋಡಿದ, ಇನ್ನೊಬ್ಬನನ್ನು ಕರೆದ. ಅವನೂ ನನ್ನ ಹಣೆ ನೋಡಿದ. ನನ್ನ ಮದುವೆಗೆ ಹೆಣ್ಣು ನೋಡಲು ಬಂದವರು ಕೂಡ ಅಷ್ಟು ಹೊತ್ತು ನನ್ನ ಮುಖ ನೋಡಿರಲಿಲ್ಲ. ಕೊನೆಗೆ ಒಂದು ಕಾಗದದಲ್ಲಿ ಪುಡಿಯನ್ನು ಒರೆಸಿ ಯಂತ್ರಕ್ಕೆ ಕೊಟ್ಟರು. ಯಂತ್ರಕ್ಕೂ ಅದರಲ್ಲಿ ತಪ್ಪು ಕಾಣಲಿಲ್ಲವೋ ಏನೋ, ಬಿಟ್ಟರು.

ಹೋಟೆಲಿಗೆ ಹೋಗಿ ದೊಡ್ಡ ಪೆಟ್ಟಿಗೆ ತೆಗೆದರೆ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಸಡಿಲವಾಗಿ ನನ್ನ ಕರಿ ಕೋಟಿನ ಮೇಲೆಲ್ಲ ಎಣ್ಣೆ. ಇದ್ದದ್ದು ಅದೊಂದೇ ಕೋಟು. ಸೋಪು ಹಾಕಿ ತಿಕ್ಕಿದರೂ ಸಾಸಿವೆ ವಾಸನೆ ಹೋಗಲಿಲ್ಲ. ಯಶೋದಳ ಸ್ವೆಟರ್ ಒಳಗೆ, ಉಪ್ಪಿನಕಾಯಿ ಕೋಟು ಹೊರಗೆ, ಹಾಗೇ ಹೊರಟೆ.

ಬಸ್ಸು

ಫ್ಯಾಕ್ಟರಿಗೆ ಬಸ್ಸಿನಲ್ಲಿ ಹೋಗಬೇಕು. ಹತ್ತಿದೆ. ಇಡೀ ಬಸ್ಸಿನಲ್ಲಿ ಒಬ್ಬರೇ ಒಬ್ಬರು ಅಜ್ಜ ಕಿಟಕಿ ಪಕ್ಕ ಕೂತಿದ್ದರು. ಹೋಗಿ ಅವರ ಪಕ್ಕ ಕೂತೆ. ನಮ್ಮ ಕಡೆ ಬಸ್ಸಿನಲ್ಲಿ ಇರುವ ಒಬ್ಬರನ್ನೂ ಬಿಟ್ಟು ದೂರ ಹೋಗಿ ಕೂತರೆ ಇಬ್ಬರಿಗೂ ಜಗಳವಾಗಿದೆಯೇನೋ ಅಂದುಕೊಳ್ಳುತ್ತಾರೆ. ಅಜ್ಜ ಮಾತ್ರ ಕಟ್ಟಿಗೆಯಂತೆ ಸೆಟೆದುಕೊಂಡರು. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ನಕ್ಕೆ; ಅವರು ಕಿಟಕಿ ನೋಡಿದರು. ಮುಂದಿನ ಸ್ಟಾಪು ಬಂದಾಗ ಕ್ಷಮೆ ಕೇಳಿ ಎದ್ದರು. ಇಳಿಯುತ್ತಾರೆ ಅಂದುಕೊಂಡರೆ ಹಿಂದೆ ಹೋಗಿ ಕೊನೆಯ ಸೀಟಿನಲ್ಲಿ ಕೂತರು.

ನನಗೆ ಬಹಳ ಬೇಜಾರಾಯಿತು. ಕೋಟಿನ ವಾಸನೆಯೋ, ಮೈಬಣ್ಣವೋ, ಹಣೆಯ ಕುಂಕುಮವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅದೇ ಹೊತ್ತಿಗೆ ನಮ್ಮ ಯಜಮಾನರ ಫೋನು. ಅವರು ಬೆಳಗ್ಗೆ ಸಂಜೆ ಕ್ಯಾಲನೂರಿನ ಡೈರಿಗೆ ಹಾಲು ಹಾಕುವವರು. ಅಲ್ಲಿನ ಹಸು ಹೊತ್ತಿಗೆ ಎಷ್ಟು ಲೀಟರ್ ಕೊಡುತ್ತದೆ ನೋಡಿದೆಯಾ ಅಂದರು. ಕತ್ತಲಲ್ಲಿ ಮನುಷ್ಯರೇ ಕಾಣುತ್ತಿಲ್ಲ, ಹಸು ಎಲ್ಲಿಂದ ನೋಡಲಿ ಎಂದು ಗದರಿಸಿ ಇಟ್ಟೆ. ಆಮೇಲೆ ಪಾಪ ಅನ್ನಿಸಿತು.

ಕೆಂಪು ಪಂಜರ

ನನ್ನನ್ನು ಕರೆದುಕೊಂಡು ಹೋಗಲು ಗೇಟಿಗೆ ಬಂದವರು ಬಿರ್ಗಿಟ್ಟಾ. ನನ್ನ ಕೆಲಸವನ್ನೇ ಅಲ್ಲಿ ಮಾಡುವವರು, ನನಗಿಂತ ಹಿರಿಯರು, ಬೆಳ್ಳಿ ಕೂದಲು, ಮಾತು ಕಡಿಮೆ. ಬಸ್ಸಿನ ಅಜ್ಜನ ಕಥೆ ಹೇಳಿದೆ. ಅವರು ನಗು ತಡೆದುಕೊಂಡು ಬಿಡಿಸಿ ಹೇಳಿದರು: ಅಜ್ಜ ನಿಮ್ಮನ್ನು ಹೀಗಳೆದದ್ದಲ್ಲ, ಇಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುವುದೇ ಮರ್ಯಾದೆ, ನಿಮಗೆ ಎರಡು ಸೀಟೂ ಇರಲಿ ಎಂದು ಅವರು ಎದ್ದಿದ್ದಾರೆ. ನನಗೆ ನಂಬಿಕೆ ಬರಲಿಲ್ಲ. ಆದರೂ ಮನಸ್ಸು ತಿಳಿಯಾಯಿತು.

ಒಳಗೆ ಹೋಗುವ ಬಾಗಿಲಲ್ಲಿ ಒಡವೆ ತೆಗೆಯಬೇಕು. ವಿಮಾನದೊಳಗೆ ಒಂದು ಬಳೆಚೂರು ಬಿದ್ದರೂ ಪೈಲಟ್ಟಿನ ಪ್ರಾಣಕ್ಕೆ ಕುತ್ತು. ಬಳೆ ತೆಗೆದೆ. ತಾಳಿ ತೆಗೆಯುವುದಿಲ್ಲ ಅಂದೆ. ಬಿರ್ಗಿಟ್ಟಾ ವಾದ ಮಾಡಲಿಲ್ಲ, ಒಂದು ಟೇಪು ಕೊಟ್ಟರು. ತಾಳಿಯ ಮೇಲೆ ಟೇಪು ಅಂಟಿಸಿಕೊಂಡೆ. ವೇಮಗಲ್‌ನಲ್ಲೂ ನಾವು ಹಾಗೇ ಮಾಡುವುದು. ಅವರ ಬೆರಳಿಗೂ ಟೇಪು ಸುತ್ತಿತ್ತು.

ಹೋಗುವ ದಾರಿಯಲ್ಲಿ ಗಾಜಿನಾಚೆ ವಿಮಾನ ಕಂಡಿತು. ಇಷ್ಟು ವರ್ಷ ಅದರ ಪಿನ್ನು ಅಳೆದವಳು, ಅದನ್ನು ಕಣ್ಣಿಂದ ನೋಡಿದ್ದು ಅವತ್ತೇ. ಹೊಟ್ಟೆ ಬಿಚ್ಚಿ ವಯರು, ಪೈಪುಗಳನ್ನೆಲ್ಲ ಹೊರಗೆ ಹಾಕಿದ್ದರು. ಸೀಟನ್ನು ಕಳಚಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರು. ಬಿರ್ಗಿಟ್ಟಾ ನಮ್ಮ ಪಿನ್ನು ಕೂರುವ ಜಾಗ ತೋರಿಸಿದರು. ಸೀಟು ಬಹಳ ಚಿಕ್ಕದು. ತೋಳಿನ ಹತ್ತಿರ ಬಟ್ಟೆ ಸವೆದು ನುಣುಪಾಗಿತ್ತು. ಯಾರೋ ದಿನಾ ಕೂತೆದ್ದ ಜಾಗ. ಯುದ್ಧದ ಯಂತ್ರ ಅದು, ಯಾಕೆ ಮಾಡಿದ್ದಾರೆ ಅಂತ ನನಗೂ ಗೊತ್ತು. ಆದರೆ ಆ ಸವೆದ ಬಟ್ಟೆ ನೋಡಿ ನನಗೆ ಒಬ್ಬ ಮನುಷ್ಯನ ಮೊಣಕೈ ಮಾತ್ರ ನೆನಪಾಯಿತು.

ಸ್ಟೋರಿನ ಮೂಲೆಯಲ್ಲಿ, ತಡೆಹಿಡಿದ ಮಾಲು ಇಡುವ ಕೆಂಪು ಬಣ್ಣದ ತಂತಿ ಪಂಜರ. ಅದರೊಳಗೆ ನಮ್ಮ ಪೆಟ್ಟಿಗೆಗಳು, ಬೀಗದ ಹಿಂದೆ. ಸಂಜೆ ಮನೆಗೆ ಬಾರದ ಹಸುವನ್ನು ಪಂಚಾಯ್ತಿ ದೊಡ್ಡಿಯಲ್ಲಿ ಕಂಡ ಹಾಗಾಯಿತು ನನಗೆ.

ಬಿರ್ಗಿಟ್ಟಾ ಮೊದಲು ಕಾಫಿ ಕೊಟ್ಟರು. ಅಲ್ಲಿ ಯಾವ ಕೆಲಸವೂ ಕಾಫಿಗಿಂತ ದೊಡ್ಡದಲ್ಲ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಯಂತ್ರ ನಿಲ್ಲಿಸಿ ಎಲ್ಲರೂ ಕೂತು ಏಲಕ್ಕಿ ಹಾಕಿದ ಬನ್ನು ತಿನ್ನುತ್ತಾರೆ. ಏಲಕ್ಕಿ ವಾಸನೆಗೆ ನನಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಅವರು ಬೋರ್ಡಿನ ಮುಂದೆ ನಿಂತರು. ಅವರ ಪದ್ಧತಿ ಏನೆಂದರೆ, ಏಕೆ ಎಂದು ಕೇಳುತ್ತಾ ಹೋಗುವುದು. ಬಂದ ಉತ್ತರಕ್ಕೆ ಮತ್ತೆ ಏಕೆ. ಬೇರು ಸಿಗುವವರೆಗೂ ಏಕೆ.

ಪಿನ್ನು ಏಕೆ ಕೆಂಪಾಯಿತು? ಕುಂಕುಮದಿಂದ. ಕುಂಕುಮ ಏಕೆ ಇಟ್ಟರು? ನಮ್ಮಲ್ಲಿ ವರ್ಷಕ್ಕೊಂದು ದಿನ ದುಡಿಯುವ ಯಂತ್ರಕ್ಕೆ ಪೂಜೆ ಮಾಡುತ್ತೇವೆ. ಅದು ಅವರಿಗೆ ಬಹಳ ಇಷ್ಟವಾಯಿತು. ಆದರೆ ಬಿಡಲಿಲ್ಲ. ಯಂತ್ರಕ್ಕೆ ಇಡುವುದನ್ನು ಪಿನ್ನಿಗೆ ಏಕೆ ಇಟ್ಟರು? ಅದನ್ನೂ ಯಾರಿಗೂ ಕಾಣದ ಹಾಗೆ ಪೇಪರಿನ ಕೆಳಗೆ ಏಕೆ?

ನಾನು ತಂದಿದ್ದ ಕುಂಕುಮದ ಪೊಟ್ಟಣ ಮುಂದಿಟ್ಟು ಗೊತ್ತಿದ್ದಷ್ಟನ್ನು ಹೇಳಿದೆ. ಕುಂಕುಮದಲ್ಲಿ ಸುಣ್ಣ ಇರುತ್ತದೆ, ಪಿನ್ನಿನ ಲೇಪನಕ್ಕೆ ಅದು ಒಳ್ಳೆಯದಲ್ಲ, ಬೊಟ್ಟು ಬಿದ್ದ ಪಿನ್ನುಗಳನ್ನು ನಾನಾದರೂ ಬಿಡುತ್ತಿರಲಿಲ್ಲ, ಅವನ್ನು ಕತ್ತರಿಸಿ ಹಾಕಿ, ಮಿಕ್ಕವನ್ನು ಪರೀಕ್ಷೆ ಮಾಡಿ ಅಂದೆ. ಅದು ಸರಿ, ಆದರೆ ಇನ್ನೊಂದು ಸಲ ಆಗುವುದಿಲ್ಲ ಎಂದು ನಾನು ಹೇಗೆ ನಂಬಲಿ, ತಿಳಿದುಕೊಂಡು ನಾಳೆ ಹೇಳಿ ಅಂದರು.

ಕಾರಿಡಾರು

ವೇಮಗಲ್‌ನಲ್ಲಿ ಅದು ಶಿಫ್ಟ್ ಬಿಡುವ ಹೊತ್ತು. ಸ್ವೆಟರ್ ಕೊಟ್ಟು ಸುಮ್ಮನೆ ನಿಂತಿದ್ದ ಮುಖ ನೆನಪಾಗಿ ಯಶೋದಳಿಗೇ ಫೋನ್ ಮಾಡಿದೆ. ನಾನು ಕೇಳುವ ಮೊದಲೇ ಹೇಳಿದಳು.

"ಅಕ್ಕಾ, ನಾನೇ ಇಟ್ಟಿದ್ದು."

ಪಿನ್ನಿಗೆ ಯಾಕೆ ಇಟ್ಟೆ, ನಿನ್ನ ಟೇಬಲ್ಲಿಗೆ ಇಟ್ಟುಕೊಳ್ಳುವುದಕ್ಕೆ ಏನಾಗಿತ್ತು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಟೇಬಲ್‌ಗೆ ಪಾಪಮ್ಮಕ್ಕ ಇಟ್ರು. ನಾನು ತಟ್ಟೆಗೆ ಕೈ ಹಾಕಿದ್ದಕ್ಕೆ ತಟ್ಟೆ ಆ ಕಡೆ ತಿರುಗಿಸ್ಕೊಂಡ್ರು. ‘ನುವ್ವೊದ್ದುಲೇಮ್ಮಾ’ ಅಂದ್ರು. ಬೈಲಿಲ್ಲ ಅಕ್ಕಾ, ಮೆತ್ತಗೇ ಅಂದ್ರು."

ನೀನು ಬೇಡ ಬಿಡಮ್ಮ, ಅಷ್ಟೇ ಅದರ ಅರ್ಥ. ಪಾಪಮ್ಮ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಪೂಜೆಯ ತಟ್ಟೆ ಯಾವಾಗಲೂ ಅವಳದ್ದೇ. ಗಂಡನಿಲ್ಲದವಳು ಕುಂಕುಮ ಮುಟ್ಟಬಾರದು ಅನ್ನುವುದನ್ನು ಅವಳು ತೆಲುಗಿನಲ್ಲಿ ಮೆತ್ತಗೆ ಹೇಳಿದ್ದಳು. ನಾನು ಆ ಹೊತ್ತಿಗೆ ಇನ್‌ಸ್ಪೆಕ್ಷನ್ ರೂಮಿನಲ್ಲಿ ಅಳತೆಯ ಗೇಜುಗಳಿಗೆ ಹೂವು ಇಡುತ್ತಿದ್ದೆ.

"ಆ ಸೀಟಲ್ಲಿ ಯಾರೋ ಒಬ್ರು ಕೂರ್ತಾರೆ ಅಲ್ವಾ ಅಕ್ಕಾ," ಅಂದಳು ಯಶೋದ. "ಅವ್ರೂ ಮನೆಗೆ ಬರ್ಬೇಕಲ್ಲ. ಎಲ್ರೂ ಊಟಕ್ಕೆ ಹೋದಾಗ ಒಂದೊಂದು ಪೆಟ್ಟಿಗೇಲಿ ಒಂದಕ್ಕೆ ಇಟ್ಟು ಪೇಪರ್ ಮುಚ್ಚಿದೆ. ನನ್ ಹೆಸರು ಹೇಳ್ಬಿಡಿ ಅಕ್ಕಾ, ನನ್ನಿಂದ ಎಲ್ಲರ ಕೆಲಸ ಹೋಗೋದು ಬೇಡ."

ಅಳಬೇಡ, ಮನೆಗೆ ಹೋಗು ಅಂದೆ. ಅಳುತ್ತಿದ್ದವಳು ನಾನು. ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅವಳ ಸ್ವೆಟರಿನ ತೋಳಿನಿಂದಲೇ ಕಣ್ಣು ಒರೆಸಿಕೊಂಡೆ. ಪಾಪಮ್ಮನ ಮೇಲೆ ಕೋಪ ಬಂತು, ಆ ತಟ್ಟೆಯ ಮೇಲೆ ಕೋಪ ಬಂತು. ಹೋಗಿ ಬರುವ ಸ್ವೀಡಿಷರೆಲ್ಲ ನನಗೆ ಜಾಗ ಬಿಟ್ಟು ದೂರದಿಂದ ಹೋದರು. ಅವತ್ತು ಅದು ಒಳ್ಳೆಯದೇ ಆಯಿತು.

ಬಿರ್ಗಿಟ್ಟಾ ಮನೆ

ಸಂಜೆ ಬಿರ್ಗಿಟ್ಟಾ ಊಟಕ್ಕೆ ಕರೆದರು. ಬಾಗಿಲಲ್ಲೇ ಚಪ್ಪಲಿ, ಬೂಟು ಬಿಡುವ ಪದ್ಧತಿ ಅಲ್ಲಿಯೂ ಉಂಟು! ನಮ್ಮವರೇ ಎಂದು ಖುಷಿಯಾಗಿ ಬೂಟು ಕಳಚಿದರೆ, ಕಾಲುಂಗುರ ಉಜ್ಜಿ ಉಜ್ಜಿ ಕಾಲುಚೀಲ ಹರಿದು ಬೆರಳು ಹೊರಗೆ ಇಣುಕುತ್ತಿತ್ತು. ಬಿರ್ಗಿಟ್ಟಾ ನೋಡಿ, ಒಳಗೆ ಹೋಗಿ ಕೈಯಲ್ಲಿ ಹೆಣೆದ ದಪ್ಪ ಕಾಲುಚೀಲ ತಂದುಕೊಟ್ಟರು. ಆಲೂಗಡ್ಡೆ, ಮೀನು, ಮೇಲೆ ಹುಳಿ ಹಣ್ಣಿನ ಜಾಮು. ನನ್ನ ಉಪ್ಪಿನಕಾಯಿ ಇಟ್ಟೆ. ಮೊದಲನೇ ತುತ್ತಿಗೆ ಕಣ್ಣಲ್ಲಿ ನೀರು ಬಂದರೂ ಎರಡನೇ ಸಲ ಹಾಕಿಸಿಕೊಂಡರು, ಧೈರ್ಯಸ್ಥೆ.

ಅವರ ಬೆರಳಿನ ಟೇಪು ಈಗ ಇರಲಿಲ್ಲ. ಒಂದೇ ಬೆರಳಲ್ಲಿ ಎರಡು ಉಂಗುರ, ಒಂದು ಅವರ ಅಳತೆಗಿಂತ ದೊಡ್ಡದು. ನಾನು ನೋಡುತ್ತಿದ್ದುದನ್ನು ಕಂಡು, ಅದು ಗಂಡನದು, ತೀರಿಕೊಂಡರು ಅಂದರು. ನಮ್ಮೂರಿನಲ್ಲಿ ಇಷ್ಟು ಬೇಗ ಇಂಥದ್ದು ಕೇಳುವುದಿಲ್ಲ, ಆದರೆ ನನ್ನ ಬಾಯಿ ತಡೆಯಲಿಲ್ಲ. ಅವರು ಹೋದಮೇಲೆ ನಿಮ್ಮನ್ನು ಯಾವುದಕ್ಕಾದರೂ ಬೇಡ ಅಂದರಾ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಯಾರು ಬೇಡ ಅನ್ನಬೇಕು, ಯಾವುದಕ್ಕೆ, ಎಂದು ತಿರುಗಿ ನನ್ನನ್ನೇ ಕೇಳಿದರು.

ಆಗ ಹೇಳಿಬಿಟ್ಟೆ. ನಮ್ಮ ಮನೆಯ ಮಾತನ್ನು ಪರದೇಶದಲ್ಲಿ ಹೇಳಬೇಕಾ ಎಂದು ಒಂದು ಮನಸ್ಸು ಎಳೆಯುತ್ತಲೇ ಇತ್ತು. ಬಣ್ಣ ಸಿಡಿದದ್ದು ಎಂದು ಸುಳ್ಳು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರ ಏಕೆ ಅನ್ನುವುದಕ್ಕೆ ಅದೊಂದೇ ನಿಜವಾದ ಉತ್ತರ. ಹೆಸರು ಹೇಳಲಿಲ್ಲ. ತಟ್ಟೆ ತಿರುಗಿಸಿದ್ದು, ಪೇಪರ್ ಮುಚ್ಚಿದ್ದು, ಸೀಟಿನಲ್ಲಿ ಕೂರುವವನು ಮನೆಗೆ ಬರಲಿ ಅಂದಿದ್ದು, ಎಲ್ಲ ಹೇಳಿದೆ. ಆ ಹೆಂಗಸಿನ ಹೆಸರು ನಿಮಗೆ ಬರೆದುಕೊಡಬೇಕು ಎಂದು ನಮ್ಮ ಓನರ್ ಹೇಳಿ ಕಳಿಸಿದ್ದಾರೆ ಎಂದೂ ಹೇಳಿದೆ.

ಬಿರ್ಗಿಟ್ಟಾ ದೊಡ್ಡ ಉಂಗುರವನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು. ಆಮೇಲೆ ಅಂದರು, "ನಾನು ಏಕೆ ಅಂತ ಕೇಳಿದ್ದೆ. ಯಾರು ಅಂತ ಕೇಳಿರಲಿಲ್ಲ."

ಮರುದಿನ ಲ್ಯಾಬಿನವರು ಮಿಕ್ಕ ಪಿನ್ನುಗಳು ಸರಿಯಾಗಿವೆ ಅಂದರು. ಬೊಟ್ಟಿದ್ದ ಪಿನ್ನುಗಳನ್ನು ನನ್ನ ಕಣ್ಣೆದುರೇ ಕತ್ತರಿಸಿದರು. ಆಗಬೇಕಾದ್ದೇ ಅದು, ಆದರೂ ನನಗೆ ನೋಡಲಾಗಲಿಲ್ಲ. ಪಂಜರದ ಬೀಗ ತೆಗೆದು ಪೆಟ್ಟಿಗೆಗಳನ್ನು ಹೊರಗೆ ತಂದರು. ಬಿರ್ಗಿಟ್ಟಾ ಬೋರ್ಡಿನ ಮುಂದೆ ನಿಂತು ಕೊನೆಯ ಉತ್ತರ ಬರೆದರು: ಗುರುತು ಇಡಲು ಜಾಗ ಕೊಟ್ಟಿರಲಿಲ್ಲ.

ಮತ್ತೆ ವೇಮಗಲ್

ಮುನಿರಾಜಣ್ಣ ಏರ್‌ಪೋರ್ಟಿಗೇ ಬಂದಿದ್ದರು. ಆರ್ಡರ್ ಉಳಿಯಿತು ಅಂದೆ. ಯಾರ ಹೆಸರು ಕೊಟ್ಟಿರಿ ಅಂದರು. ಅವರು ಹೆಸರು ಕೇಳಲಿಲ್ಲ ಅಂದೆ. ಅದು ಹೇಗೆ ಕೇಳದೆ ಇರುತ್ತಾರೆ ಎಂದು ಹೊಸಕೋಟೆ ದಾಟುವವರೆಗೂ ಕೇಳುತ್ತಲೇ ಇದ್ದರು. ಕೊನೆಗೆ, ಹೋಗ್ಲಿ ಬಿಡಿ, ನನಗೂ ಗೊತ್ತಾಗೋದ್ ಬೇಡ ಅಂದರು. ಯಜಮಾನರಿಗೆ ಸ್ವೀಡನ್ನಿನ ಹಸುವಿನ ಲೆಕ್ಕ ಕೊಡಲಾಗಲಿಲ್ಲ. ಬಿರ್ಗಿಟ್ಟಾ ಕೊಟ್ಟ ಕಾಲುಚೀಲ ಅವರ ಪಾಲಾಯಿತು.

ಕೆಲವು ವಾರ ಕಳೆದ ಮೇಲೆ ಅಲ್ಲಿಂದ ಪ್ಯಾಕಿಂಗಿನ ಹೊಸ ಡ್ರಾಯಿಂಗ್ ಬಂತು. ಪೆಟ್ಟಿಗೆಯ ಹೊರಮೈ, ಬಲಮೂಲೆಯಲ್ಲಿ ಒಂದು ಪುಟ್ಟ ವೃತ್ತ. ಅದಕ್ಕೆ ಬಾಣ ಹಾಕಿ ಬರೆದಿದ್ದರು: ಕೆಂಪು ಗುರುತಿಗೆ ಜಾಗ. ಪ್ಯಾಕ್ ಮಾಡಿದವರೇ ಇಡತಕ್ಕದ್ದು. ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಅಂದರೆ ಡ್ರಾಯಿಂಗ್. ಮುನಿರಾಜಣ್ಣನೂ ಅದನ್ನು ಮೀರುವ ಹಾಗಿಲ್ಲ.

ಮೊದಲನೇ ಪೆಟ್ಟಿಗೆ ಮುಚ್ಚಿದ ದಿನ ಶುಕ್ರವಾರ. ಪಾಪಮ್ಮ ತಟ್ಟೆ ಹಿಡಿದು ಬಂದು ತಾನೇ ಬೆರಳು ಅದ್ದಿದಳು. ನಾನು ಡ್ರಾಯಿಂಗ್ ತೋರಿಸಿ, ಬರೆದಿದ್ದನ್ನು ಓದಿ, ಕನ್ನಡದಲ್ಲಿ ಹೇಳಿ, ಸಾಲದು ಎಂದು ತೆಲುಗಿನಲ್ಲಿಯೂ ಹೇಳಿದೆ. ಪಾಪಮ್ಮ ನನ್ನನ್ನು ನೋಡಿದಳು, ಡ್ರಾಯಿಂಗನ್ನು ನೋಡಿದಳು. ಯಂತ್ರದ ಹತ್ತಿರ ಇದ್ದವರೆಲ್ಲ ಕೈ ನಿಲ್ಲಿಸಿದ್ದರು. ಯಶೋದ ತಲೆ ಎತ್ತಲಿಲ್ಲ.

"ಡ್ರಾಯಿಂಗ್‌ನಲ್ಲೇ ಇದ್ರೆ ನಂದೇನಮ್ಮ," ಅಂದಳು ಪಾಪಮ್ಮ. ಸೆರಗಿಗೆ ಬೆರಳು ಒರೆಸಿಕೊಂಡು ತಟ್ಟೆಯನ್ನು ಯಶೋದಳ ಕಡೆ ತಿರುಗಿಸಿದಳು.

ಯಶೋದ ಅಳತೆ ನೋಡಿಕೊಂಡು, ಉಸಿರು ಹಿಡಿದು ಬೊಟ್ಟು ಇಟ್ಟಳು. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಕುಂಕುಮ ಒಂದು ಕಡೆ ಗೆರೆ ದಾಟಿತ್ತು, ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ ದಾಟಿತ್ತು.

ಪಾಸ್ ಎಂದು ಸಹಿ ಹಾಕಿದೆ.